ತೂಬಿನ ಆಚೆಗೂ ನೀರು, ಈಚೆಗೂ ನೀರು

ನಾನು ಸಿಟ್ಟಿನ ಹೆಂಗಸು. ಮಂಡ್ಯದ ನಮ್ಮ ಕಚೇರಿಯಲ್ಲಿ ಕಡತ ಸಿಗದಿದ್ದರೆ ಬೀರುವನ್ನೇ ಗದರಿಸುವ ಪೈಕಿ. ನಮ್ಮ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಇದಕ್ಕೆ ತದ್ವಿರುದ್ಧ. ಏನಾದರೂ ಕೆಟ್ಟು ಕೂತರೆ ಅವರ ದನಿ ಇನ್ನಷ್ಟು ತಗ್ಗುತ್ತದೆ, ಸೆರಗು ಸೊಂಟಕ್ಕೆ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ಇಂಥವರ ಜೊತೆ ಜಗಳ ಆಡುವುದೂ ಕಷ್ಟ. ಅವರು ಮದುವೆಯಾಗಿ ನಮ್ಮ ಮನೆಗೆ ಬಂದಾಗಿನಿಂದ ನಾನು ಎಷ್ಟೋ ಸಲ ಪ್ರಯತ್ನಪಟ್ಟು ಸೋತಿದ್ದೇನೆ.

ನಮ್ಮ ಊರು ಭಾರತೀನಗರಕ್ಕೆ ಹತ್ತಿರ. ಕಬ್ಬು, ಭತ್ತ, ಎರಡು ಬೋರ್‌ವೆಲ್, ಒಂದು ಟ್ರ್ಯಾಕ್ಟರ್, ಒಂದು ಬಿಳಿ ಕಾರು. ಕಾರು ಅಣ್ಣನದು. ಅವನು ಅದನ್ನು ಸಾಕಿದ್ದ ಅನ್ನಬೇಕು, ಇಟ್ಟುಕೊಂಡಿದ್ದ ಅಂದರೆ ಸಾಲದು. ಎರಡು ವರ್ಷದ ಹಿಂದೆ ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಗದ್ದೆಯಿಂದ ಬಂದವನು ಎದೆ ಹಿಡಿದುಕೊಂಡು ಜಗಲಿಯ ಮೇಲೆ ಕೂತ. ಆಸ್ಪತ್ರೆ ಸೇರುವುದರೊಳಗೆ ಎಲ್ಲ ಮುಗಿದಿತ್ತು. ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಧೂಳು ಹಿಡಿಯುತ್ತ ನಿಂತಿತು.

ಬೇಸಿಗೆ ಬರುವ ಹೊತ್ತಿಗೆ ಅತ್ತಿಗೆ ಭಾರತೀನಗರದಲ್ಲಿ ಡ್ರೈವಿಂಗ್ ಕಲಿಯಲು ಸೇರಿಕೊಂಡರು. ಯಾರನ್ನೂ ಕೇಳಲಿಲ್ಲ. ಲೈಸೆನ್ಸ್ ಕೈಗೆ ಬಂದ ಮೇಲೆ ಅಪ್ಪನ ಮುಂದೆ ಇಟ್ಟು, "ಮಾವ, ಕಾರು ಆಚೆಗೆ ತೆಗೀತೀನಿ" ಅಂದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನೋಡಣ ಬುಡು" ಅಂದರು. ಅವರು ಹಾಗಂದರೆ ಮನಸ್ಸಿಲ್ಲ ಅಂತಲೇ ಅರ್ಥ. ಅತ್ತಿಗೆ ಮಾತ್ರ ಅದನ್ನು ಒಪ್ಪಿಗೆ ಅಂತ ತಿಳಿದುಕೊಂಡ ಹಾಗೆ ಮಾಡಿ ಶೆಡ್ಡಿನ ಬಾಗಿಲು ತೆಗೆದರು.

ಇಷ್ಟು ತಿಂಗಳು ನಿಂತ ಗಾಡಿಯ ಬ್ಯಾಟರಿ ಸತ್ತಿತ್ತು. ನನ್ನ ತಮ್ಮ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಎಳೆದು ಅದಕ್ಕೆ ಜೀವ ಕೊಟ್ಟ. ಎಂಜಿನ್ ಹತ್ತಿತು. ಹಳೇ ಬ್ಯಾಟರಿ ತೆಗೆದು ಹೊಸದನ್ನೂ ಹಾಕಿಸಿದ್ದಾಯಿತು. ಆಮೇಲೆ ಶುರುವಾಯಿತು ನೋಡಿ ಅದರ ಆಟ. ಅತ್ತಿಗೆ ಅದರಲ್ಲಿ ಮಳವಳ್ಳಿಗೆ ಹೋದರೆ ಬಸ್ ಸ್ಟ್ಯಾಂಡಿನ ಎದುರಿಗೇ ನಿಂತುಬಿಟ್ಟಿತು. ಬ್ಯಾಟರಿ ಖಾಲಿ. ಚಾರ್ಜ್ ಮಾಡಿಸಿಕೊಂಡು ಬಂದರೆ ಸ್ವಲ್ಪ ದಿನ ಚೆನ್ನಾಗಿ ಓಡಿತು. ಆಮೇಲೆ ಮದ್ದೂರಿನ ಹೊಳೆ ಸೇತುವೆ ದಾಟಿದ ಕೂಡಲೇ ಮತ್ತೆ ಅದೇ ಗತಿ, ಹಿಂದೆ ಬಸ್ಸು ಲಾರಿಗಳ ಹಾರನ್ನು. ಕೊನೆಗೊಂದು ದಿನ ನನ್ನನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿದ್ದರು. ವಾಪಸ್ಸು ಬರುವಾಗ ಕಬ್ಬಿನ ಗದ್ದೆಗಳ ನಡುವೆ ಮೊದಲು ಹಾಡು ನಿಂತಿತು, ಆಮೇಲೆ ಕಾರೂ ನಿಂತಿತು. ಎತ್ತಿನ ಗಾಡಿಯವನೊಬ್ಬ ನಮ್ಮನ್ನು ದಾಟಿಕೊಂಡು ಹೋಗುತ್ತ ನಕ್ಕ. ನಾನು ಕಾರಿನ ಚಕ್ರಕ್ಕೆ ಒದ್ದೆ. ಅತ್ತಿಗೆ ಬಾನೆಟ್ ಎತ್ತಿ ಸುಮ್ಮನೆ ನೋಡುತ್ತ ನಿಂತಿದ್ದರು.

ಅಪ್ಪನಿಗೆ ಇಷ್ಟೇ ಸಾಕಾಗಿತ್ತು. "ದಾರೀಲಿ ಎಲ್ಲೆಲ್ಲೋ ನಿಂತ್ಕಳೋ ಗಾಡಿ, ಅದ್ರೊಳಗೆ ಒಬ್ಬೊಂಟಿ ಹೆಣ್ಣೆಂಗ್ಸು. ಬ್ಯಾಡ, ಮಾರ್ಬುಡನ" ಅಂದರು. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ತಮ್ಮ ಅಲ್ಲಿಂದಲೇ ಒಬ್ಬ ಗಿರಾಕಿಯನ್ನು ಹಿಡಿದು ತಂದ. ಭಾನುವಾರ ಬಂದು ನೋಡುತ್ತೇನೆ ಅಂದನಂತೆ. ಅತ್ತಿಗೆ ಅಪ್ಪನ ಹತ್ತಿರ ಕೇಳಿದ್ದು ಒಂದೇ ಮಾತು: "ಭಾನುವಾರದೊಳ್ಗೆ ಅದ್ರ ಕಾಯಿಲೆ ವಾಸಿ ಆದ್ರೆ ಮಾರ್ಬಾರ್ದು ಮಾವ." ಅಪ್ಪ ಮತ್ತೆ, "ನೋಡಣ ಬುಡು" ಅಂದರು.

ಕಾರು ಹೋದರೆ ಅವರಿಗೆ ಏನು ಹೋಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ನಮ್ಮ ಕಡೆ ಗಂಡ ಸತ್ತ ಹೆಂಗಸು ಎಲ್ಲಿಗೆ ಹೋಗಬೇಕಾದರೂ ಒಬ್ಬರ ಮುಖ ನೋಡಬೇಕು. ಮೈದುನನಿಗೆ ಬಿಡುವಿದೆಯೇ, ಮಾವನಿಗೆ ಬೇಜಾರಿಲ್ಲವೇ, ಬಸ್ಸಿಗೆ ಯಾರು ಬಿಡುತ್ತಾರೆ? ಆ ಕಾರಿನಲ್ಲಿ ಕೂತರೆ ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀಗದ ಕೈ ತಿರುಗಿಸಿದರೆ ಸಾಕಿತ್ತು, ಅದು ಹತ್ತಿಕೊಂಡರೆ.

ಶನಿವಾರ ನನಗೆ ರಜಾ. ಇಬ್ಬರೂ ಮದ್ದೂರಿನ ಗ್ಯಾರೇಜಿಗೆ ಹೋದೆವು. ಗ್ಯಾರೇಜಿನವನು ಅಣ್ಣನ ಸ್ನೇಹಿತ. ಅಣ್ಣ ಹೋದಾಗ ನಮ್ಮ ಮನೆಯ ಮುಂದೆ ನಿಂತು ಎಲ್ಲರಿಗಿಂತ ಜೋರಾಗಿ ಅತ್ತವನು. ಈ ಕಾರಿನ ಕಾಯಿಲೆಯನ್ನೂ ಅವನು ಮೊದಲೇ ನೋಡಿದ್ದ. ನೋಡಿದ್ದನ್ನೇ ಇನ್ನೊಮ್ಮೆ ಒಪ್ಪಿಸಿದ.

"ಬ್ಯಾಟ್ರಿ ಹೊಸದು ಅಕ್ಕ, ಚೆಂದಾಗೈತೆ. ಡೈನಮೋ ಹದಿನಾಲ್ಕು ವೋಲ್ಟ್ ಕೊಡ್ತಾ ಐತೆ, ಅದೂ ಚೆಂದಾಗೈತೆ. ವೈರು ಎಲ್ಲೂ ಕಟ್ಟಾಗಿಲ್ಲ. ಗಾಡಿ ಹಚ್ಚುದ್ರೆ ಬ್ಯಾಟ್ರಿದು ಕೆಂಪು ದೀಪ ಆರ್ಕತದೆ. ಇನ್ನೇನ್ ನೋಡಾನ?"

ಆಲ್ಟರ್ನೇಟರ್ ಅನ್ನುವ ಹೆಸರು ಬಂದು ಎಷ್ಟು ಕಾಲವಾದರೂ ನಮ್ಮ ಕಡೆ ಅದು ಇನ್ನೂ ಡೈನಮೋನೇ. ಎಂಜಿನ್ ತಿರುಗುವಾಗ ಅದೂ ತಿರುಗಿ ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ತುಂಬದಿದ್ದರೆ ಬ್ಯಾಟರಿಯಲ್ಲಿ ಇದ್ದಷ್ಟು ಹೊತ್ತು ಗಾಡಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಇಷ್ಟು ನನಗೂ ಅರ್ಥವಾಯಿತು. ಎಲ್ಲವೂ ಚೆನ್ನಾಗಿದ್ದರೆ ಕಾರು ಯಾಕೆ ನಿಲ್ಲುತ್ತದೆ ಅನ್ನುವುದು ಮಾತ್ರ ಅರ್ಥವಾಗಲಿಲ್ಲ. ಹಾಗಂತ ಸ್ವಲ್ಪ ಜೋರಾಗಿಯೇ ಕೇಳಿದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ನಾನು ಎಂಜಿನ್ ಕೆಲ್ಸದೋನು ಕಣಕ್ಕ. ವೈರಿಂಗ್ ನೋಡೋನು ಮಂಡ್ಯದೋನು ಒಬ್ಬ ಅವ್ನೆ. ಸೋಮ್ವಾರ ಬತ್ತಾನೆ" ಅಂದ.

ಸೋಮವಾರದ ಹೊತ್ತಿಗೆ ಕಾರೇ ಇರುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅತ್ತಿಗೆ ಸೆರಗು ಸಿಕ್ಕಿಸಿಕೊಂಡರು.

"ಹದಿನಾಲ್ಕು ಅಂದ್ಯಲ್ಲಪ್ಪ, ಅದ್ನ ಎಲ್ಲಿ ಮುಟ್ಟಿ ನೋಡ್ದೆ?"

"ಡೈನಮೋ ಮೇಲೆ."

"ಬ್ಯಾಟ್ರಿ ಮೇಲೆ ಇಟ್ಟು ನೋಡು."

ಎಂಜಿನ್ ಓಡುತ್ತಿತ್ತು. ಅವನು ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಇಟ್ಟ. ಹನ್ನೆರಡು ಚಿಲ್ಲರೆ ತೋರಿಸಿತು. ನಾವು ನೋಡುತ್ತಿದ್ದ ಹಾಗೇ ಚಿಲ್ಲರೆ ಇನ್ನೂ ಸ್ವಲ್ಪ ಇಳಿಯಿತು.

"ಹೊರಟಾಗ ಹದಿನಾಲ್ಕು, ಸೇರೋವಾಗ ಹನ್ನೆರಡು" ಅಂದರು ಅತ್ತಿಗೆ. "ಅಂದ್ರೆ ನಾಲೇಲಿ ನೀರೈತೆ, ಗದ್ದೇನೂ ನೆಟ್ಟಗೈತೆ. ನಡುವೆ ಎಲ್ಲೋ ತಡ್ದೈತೆ. ಏರಿ ಮೇಲೆ ನಡ್ಕೊಂಡು ನೋಡ್ಬೇಕು."

ಅವರ ತವರು ಮಳವಳ್ಳಿಯ ಆಚೆ, ನಾಲೆಯ ಕೊನೆಗೆ. ಮೇಲಿನವರೆಲ್ಲ ಕುಡಿದು ಉಳಿದದ್ದು ಅವರ ಗದ್ದೆಗೆ. ನೀರು ಬರಲಿಲ್ಲ ಅಂದರೆ ಅಲ್ಲಿನವರು ಮನೆಯಲ್ಲಿ ಕೂತು ಬೈಯುವುದಿಲ್ಲವಂತೆ, ಗದ್ದೆಯಿಂದ ಹಿಡಿದು ನಾಲೆಯ ನೀರು ಬಿಡುವ ತೂಬಿನ ತನಕ ಏರಿಯ ಮೇಲೆ ನಡೆದು ಬರುತ್ತಾರಂತೆ. ನಡುವೆ ಒಂದು ಹೆಜ್ಜೆಯನ್ನೂ ಬಿಡುವ ಹಾಗಿಲ್ಲ, ಯಾಕೆಂದರೆ ಬಿಟ್ಟ ಕಡೆಯೇ ಏಡಿ ತೂತು ಕೊರೆದಿರುತ್ತದೆ. ಮದುವೆಯಾದ ಹೊಸದರಲ್ಲಿ ಇದನ್ನು ಅವರೇ ನನಗೆ ಹೇಳಿದ್ದರು. ಆಗ ನನಗೆ ಅದು ಬರೀ ತವರಿನ ಜಂಬ ಅನ್ನಿಸಿತ್ತು.

ಡೈನಮೋದಿಂದ ಹೊರಟ ದಪ್ಪ ವೈರನ್ನು ಅವರು ಬೆರಳಲ್ಲಿ ಹಿಡಿದುಕೊಂಡೇ ಬಂದರು. ಕಣ್ಣಿಗೆ ಕಾಣುವ ಕಡೆ ಕಣ್ಣಿನಲ್ಲಿ, ಕಾಣದ ಕಡೆ ಕೈಯಲ್ಲಿ. ಎಂಜಿನ್ನಿನ ಬಿಸಿಗೆ ಒಂದು ಸಲ ಕೈ ಸುಟ್ಟುಕೊಂಡು "ಸ್" ಅಂದರು, ಆದರೆ ವೈರು ಬಿಡಲಿಲ್ಲ. ಅದು ಬ್ಯಾಟರಿಯ ಪಕ್ಕದ ಕಪ್ಪು ಡಬ್ಬಿಯೊಳಗೆ ಹೊಕ್ಕಿತು. ಅದು ಫ್ಯೂಸ್ ಡಬ್ಬಿ. ಮುಚ್ಚಳ ತೆಗೆದರು. ತೆಗೆದವರು ಹಾಗೇ ನಿಂತುಬಿಟ್ಟರು.

ಒಳಗೆ ಸಾಲಾಗಿ ಕುಂಕುಮ. ಪ್ರತಿ ಫ್ಯೂಸಿನ ನೆತ್ತಿಯ ಮೇಲೂ ಗಂಧದ ಬೊಟ್ಟು, ಅದರ ಮೇಲೆ ಕುಂಕುಮದ ಬೊಟ್ಟು, ಒಣಗಿ ಗಟ್ಟಿಯಾಗಿ ಕೂತಿತ್ತು. ಅದು ಅಣ್ಣನ ಕೊನೆಯ ಆಯುಧ ಪೂಜೆಯದು. ಎಲ್ಲರೂ ಬಾನೆಟ್ಟಿನ ಮೇಲೆ ಹೂವು ಹಾಕಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮುಗಿಸಿದರೆ ಅವನು ಬಾನೆಟ್ ಎತ್ತಿ, ಡಬ್ಬಿಯ ಮುಚ್ಚಳವನ್ನೂ ತೆಗೆದು, "ಒಳ್ಗೆ ದುಡಿಯೋರ್ಗೂ ಇಡ್ಬೇಕು ಕಣಮ್ಮಿ" ಅನ್ನುತ್ತ ಒಂದೊಂದಕ್ಕೂ ಇಡುತ್ತಿದ್ದ. ನಾನು ತಟ್ಟೆ ಹಿಡಿದುಕೊಂಡು ಬೇಗ ಮುಗಿಸೋ ಅಂತ ರೇಗುತ್ತಿದ್ದೆ. ಅತ್ತಿಗೆ ಒಳಗೆ ಪೂಜೆಯ ಅಡುಗೆಯಲ್ಲಿ ಇರುತ್ತಿದ್ದರು. ಇದನ್ನು ಅವರು ಕಂಡದ್ದು ಅವತ್ತೇ ಮೊದಲು.

ಸಣ್ಣ ಫ್ಯೂಸುಗಳ ಪಕ್ಕದಲ್ಲಿ, ದಪ್ಪ ವೈರು ಬಂದು ಸೇರುವ ಕಡೆ, ಬೋಲ್ಟಿನಲ್ಲಿ ಬಿಗಿದ ಒಂದು ದೊಡ್ಡ ಫ್ಯೂಸ್ ಇತ್ತು. ಅದರ ಮೇಲಿನ ಬೊಟ್ಟೂ ದೊಡ್ಡದು.

"ಇದು?" ಅಂದರು ಅತ್ತಿಗೆ.

"ಅದೇ ಚಾರ್ಜಿಂಗ್ ಫ್ಯೂಸು. ಅದು ಚೆಂದಾಗೈತೆ ಅಕ್ಕ, ನೋಡಿವ್ನಿ." ಅವನು ತನ್ನ ಟೆಸ್ಟ್ ಲ್ಯಾಂಪು ತಂದ. ಚೂಪು ತುದಿಯ ಒಂದು ಹಿಡಿ, ಅದರೊಳಗೆ ಪುಟ್ಟ ಬಲ್ಬು. ಕರೆಂಟು ಇರುವ ಕಡೆ ಮುಟ್ಟಿಸಿದರೆ ಉರಿಯುತ್ತದೆ. ಫ್ಯೂಸಿನ ಈ ಕಡೆ ಮುಟ್ಟಿಸಿದ, ಉರಿಯಿತು. ಆ ಕಡೆ ಮುಟ್ಟಿಸಿದ, ಅಲ್ಲೂ ಉರಿಯಿತು. "ನೋಡ್ದಾ? ಎರಡೂ ಕಡೆ ಐತೆ. ಮೇಲಿನ್ ಕುಂಕುಮ ವರ್ಸೋ ಅವಶ್ಯನೇ ಬೀಳ್ಲಿಲ್ಲ ನಂಗೆ." ಆಮೇಲೆ ದನಿ ಇಳಿಸಿ, "ಅವನು ಇಟ್ಟಿದ್ದು. ಮನ್ಸೂ ಬರ್ಲಿಲ್ಲ" ಅಂದ.

ಇನ್ನು ಮುಗಿಯಿತು, ಕಾರು ಭಾನುವಾರ ಹೋಯಿತು ಅಂದುಕೊಂಡೆ. ಅತ್ತಿಗೆ ಆ ದೀಪವನ್ನೇ ನೋಡುತ್ತಿದ್ದರು. ಅವನ ಕೈಯಿಂದ ಲ್ಯಾಂಪು ತೆಗೆದುಕೊಂಡು ತಾವೇ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಮುಟ್ಟಿಸಿದರು. ಎಂಜಿನ್ ಸದ್ದು ಮಾಡುತ್ತಲೇ ಇತ್ತು.

"ತೂಬಿನ್ ಆಚೆಗೂ ನೀರು, ಈಚೆಗೂ ನೀರು. ಅಷ್ಟಕ್ಕೇ ತೂಬು ತೆಗ್ದೈತೆ ಅನ್ನಕಾದದಾ?" ಅಂದರು.

ನಮಗಿಬ್ಬರಿಗೂ ತಿಳಿಯಲಿಲ್ಲ.

"ನಮ್ಮೂರಲ್ಲಿ ತೂಬಿನ ಮೇಲ್ಗಡೆ ನಾಲೆ ನೀರು ನಿಂತಿರ್ತದೆ. ಕೆಳ್ಗಡೆ ಯಾರೋ ಬೋರ್ ಬುಟ್ಕೊಂಡಿರ್ತಾರೆ, ಅಲ್ಲೂ ನೀರಿರ್ತದೆ. ನೋಡೋರ್ಗೆ ತೂಬು ತೆಗ್ದಂಗೇ ಕಾಣ್ತದೆ. ಬೋರ್ ನಿಲ್ಸಿದ್ರೆ ಗೊತ್ತಾಯ್ತದೆ. ಇಲ್ಲೂ ಅಂಗೇ ಅಲ್ವಾ? ಈ ಕಡೆ ಬ್ಯಾಟ್ರಿ ಉರಿಸ್ತಾ ಐತೆ, ಆ ಕಡೆ ಡೈನಮೋ ಉರಿಸ್ತಾ ಐತೆ. ಎಂಜಿನ್ ಆರ್ಸು."

ಅವನು ಬೀಗದ ಕೈ ತಿರುಗಿಸಿದ. ಗ್ಯಾರೇಜು ಇದ್ದಕ್ಕಿದ್ದ ಹಾಗೆ ನಿಶ್ಶಬ್ದವಾಯಿತು. ಅತ್ತಿಗೆ ಲ್ಯಾಂಪನ್ನು ಬ್ಯಾಟರಿಯ ಕಡೆ ಮುಟ್ಟಿಸಿದರು, ಉರಿಯಿತು. ಡೈನಮೋದ ಕಡೆ ಮುಟ್ಟಿಸಿದರು. ಉರಿಯಲಿಲ್ಲ. ಒತ್ತಿ ಮುಟ್ಟಿಸಿದರು, ಆಗಲೂ ಇಲ್ಲ.

"ಅಯ್ಯೋ ನನ್ ಮಂಕುಬುದ್ಧಿಗಿಷ್ಟು!" ಅಂತ ಗ್ಯಾರೇಜಿನವನು ಹಣೆ ಬಡಿದುಕೊಂಡು ನಕ್ಕ. ಅವನ ಖುಷಿ ನೋಡಿದರೆ ತಾನೇ ಕಂಡುಹಿಡಿದ ಹಾಗಿತ್ತು. ನನಗೋ ಅತ್ತಿಗೆಯನ್ನು ಎತ್ತಿಕೊಂಡು ಕುಣಿಯಬೇಕು ಅನ್ನಿಸಿತು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡವಳು ನಾನು, ಇವರ ತಲೆಯೊಳಗೆ ಇಂಥದೊಂದು ನಾಲೆ ಹರಿಯುತ್ತಿದೆ ಅಂತ ಗೊತ್ತೇ ಇರಲಿಲ್ಲ.

ಕಣ್ಣಲ್ಲಿ ಕಂಡು ಖಾತ್ರಿ ಮಾಡಿಕೊಳ್ಳುವುದು ಇನ್ನೂ ಬಾಕಿ ಇತ್ತು. ಆ ದೊಡ್ಡ ಫ್ಯೂಸಿನ ನೆತ್ತಿಯ ಮೇಲೆ ಗಾಜಿನಂಥ ಪುಟ್ಟ ಕಿಟಕಿ ಇರುತ್ತದಂತೆ. ಅದರೊಳಗೆ ನೋಡಿದರೆ ಕರೆಂಟು ಹರಿಯುವ ಲೋಹದ ಪಟ್ಟಿ ಸುಟ್ಟಿದೆಯೋ ಇಲ್ಲವೋ ಕಾಣುತ್ತದಂತೆ. ಅಣ್ಣ ಸರಿಯಾಗಿ ಆ ಕಿಟಕಿಯ ಮೇಲೆಯೇ ಬೊಟ್ಟು ಇಟ್ಟಿದ್ದ. ಗ್ಯಾರೇಜಿನವನು ಬಟ್ಟೆ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿ ನಿಂತ. ಅತ್ತಿಗೆ ಸೆರಗಿನ ತುದಿಯನ್ನು ಬಾಟಲಿಯ ನೀರಿನಲ್ಲಿ ಅದ್ದಿಕೊಂಡರು.

"ಬ್ಯಾಡಿ ಅತ್ತಿಗೆ" ಅಂದೆ. ಯಾಕೆ ಅಂದೆನೋ. ಅಣ್ಣ ಹೋದ ಹನ್ನೊಂದನೆಯ ದಿನ ಮನೆಯ ಹಿರಿಯ ಹೆಂಗಸರು ಅವರ ಹಣೆಗೆ ಕೈ ಹಾಕಿದಾಗಲೂ ನಾನು ಹೀಗೇ ಬ್ಯಾಡಿ ಅಂದಿದ್ದೆ. ಆಗ ಯಾರೂ ಕೇಳಿರಲಿಲ್ಲ.

ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ನನ್ನನ್ನು ನೋಡದೆ, "ಅವ್ರು ಇದ್ನ ಇಟ್ಟಿದ್ದು ಕಾರು ಓಡ್ಲಿ ಅಂತ ಕಣಮ್ಮಿ. ನಿಂತ್ಕಳ್ಳಿ ಅಂತ ಇಟ್ರಾ?" ಅಂದರು. ಮೆಲ್ಲಗೆ, ಮಗುವಿನ ಮುಖ ಒರೆಸುವ ಹಾಗೆ, ಬೊಟ್ಟನ್ನು ಒರೆಸಿದರು. ಸೆರಗು ಕೆಂಪಾಯಿತು. ಕೆಳಗಿನ ಕಿಟಕಿಯೊಳಗೆ ಲೋಹದ ಪಟ್ಟಿ ನಡುವೆ ಕರಗಿ ಎರಡು ತುಂಡಾಗಿತ್ತು. ಮಿಕ್ಕ ಫ್ಯೂಸುಗಳ ಬೊಟ್ಟುಗಳನ್ನು ಅವರು ಮುಟ್ಟಲಿಲ್ಲ.

ಗ್ಯಾರೇಜಿನವನು ಮೊದಲು ಬ್ಯಾಟರಿಯ ತಂತಿ ಕಳಚಿ, ಆಮೇಲೆ ಬೋಲ್ಟು ಬಿಚ್ಚಿ ಸುಟ್ಟದ್ದನ್ನು ತೆಗೆದ. ಎದುರಿನ ಅಂಗಡಿಯಿಂದ ಅಷ್ಟೇ ಕರೆಂಟು ತಡೆಯುವ ಹೊಸದನ್ನು ತಂದು ಬಿಗಿದ. ಬಿಗಿಯುತ್ತ, "ಇಷ್ಟ್ ದೊಡ್ ಫ್ಯೂಸು ಸುಮ್ಸುಮ್ನೆ ಓಗಲ್ಲ. ಯಾರಾರ ಬ್ಯಾಟ್ರಿಗೆ ಉಲ್ಟಾ ಕೊಟ್ಟಿದ್ರಾ?" ಅಂದ.

ನನ್ನ ಕಣ್ಣ ಮುಂದೆ ಶೆಡ್ಡಿನ ಆ ದಿನ ಬಂತು. ಟ್ರ್ಯಾಕ್ಟರ್ ಪಕ್ಕದಲ್ಲಿ ತಮ್ಮ, ಅವನ ಕೈಯಲ್ಲಿ ಪಂಪ್‌ಸೆಟ್ಟಿನ ಹಳೇ ಕೇಬಲ್ಲು, ಎರಡೂ ವೈರು ಕಪ್ಪು. ಮುಟ್ಟಿಸಿದ ಕೂಡಲೇ ಚಟ್ ಅಂತ ಕಿಡಿ ಹಾರಿತ್ತು. "ಉಲ್ಟಾ ಆಯ್ತು" ಅಂತ ನಗುತ್ತ ವೈರು ಅದಲು ಬದಲು ಮಾಡಿದ್ದ. ನಮ್ಮ ಕಡೆಯ ಗಂಡಸರಿಗೆಲ್ಲ ಇದೊಂದು ಪಾಠ ಬಾಯಿಪಾಠ. ಬೋರಿನ ಮೋಟರು ಹಿಂದುಮುಂದಾಗಿ ತಿರುಗಿದರೆ ಎರಡು ವೈರು ಅದಲು ಬದಲು ಮಾಡು, ಸರಿಹೋಗುತ್ತದೆ. ಮೋಟರು ಸಹಿಸಿಕೊಳ್ಳುತ್ತದೆ, ಕಾರು ಸಹಿಸಿಕೊಳ್ಳುವುದಿಲ್ಲ. ಅಲ್ಲೇ ಫೋನ್ ತೆಗೆದು ಅವನ ಜನ್ಮ ಜಾಲಾಡಲು ಹೊರಟೆ. ಅತ್ತಿಗೆ ಫೋನ್ ಕಿತ್ತುಕೊಂಡರು.

"ಸುಮ್ಕಿರು. ಅವ್ನು ಅವತ್ತು ಮುಟ್ಟುಸ್ದೇ ಓಗಿದ್ರೆ ಈ ಕಾರು ಶೆಡ್ಡಿಂದ ಆಚ್ಗೇ ಬರ್ತಿರ್ಲಿಲ್ಲ" ಅಂದರು.

ಎಂಜಿನ್ ಹಚ್ಚಿ ಮತ್ತೆ ಬ್ಯಾಟರಿಯ ಮೇಲೆ ಮೀಟರ್ ಇಟ್ಟರು. ಹದಿನಾಲ್ಕು. ಹೊರಟದ್ದು ಹೊರಟಷ್ಟೇ ಬಂದು ಸೇರಿತ್ತು.

ಭಾನುವಾರ ಬೆಳಿಗ್ಗೆ ಅತ್ತಿಗೆ ನನ್ನನ್ನು ಎಬ್ಬಿಸಿದರು. ಮೀಟರು ಹೇಳಿದ್ದು ಅವರಿಗೆ ಸಾಲದು, ಕಾರಿನ ಬಾಯಲ್ಲೇ ಕೇಳಬೇಕು. ಮದ್ದೂರು, ಅಲ್ಲಿಂದ ಮಂಡ್ಯ, ಮತ್ತೆ ತಿರುಗಿಕೊಂಡು ಮಳವಳ್ಳಿ. ಹಗಲು ಬೆಳಕಿನಲ್ಲಿ ಹೆಡ್‌ಲೈಟು, ಮಳೆಯಿಲ್ಲದ ರಸ್ತೆಯಲ್ಲಿ ವೈಪರು, ಜೊತೆಗೆ ಎಸಿ, ಹಾಡು. ಕರೆಂಟು ತಿನ್ನುವುದು ಏನೇನಿದೆಯೋ ಎಲ್ಲ ಹಾಕಿಬಿಟ್ಟಿದ್ದರು. ಎದುರಿಗೆ ಬರುವವರೆಲ್ಲ ಲೈಟು ಹಾಕಿದೆ ಅಂತ ಕೈಸನ್ನೆ ಮಾಡುತ್ತಿದ್ದರು. ಅತ್ತಿಗೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಮಳವಳ್ಳಿ ಬಸ್ ಸ್ಟ್ಯಾಂಡಿನ ಎದುರಿಗೆ, ಹಿಂದೆ ನಿಂತಿದ್ದ ಜಾಗದಲ್ಲೇ, ಬೇಕಂತಲೇ ಎಂಜಿನ್ ಆರಿಸಿದರು. ಒಂದೊಂದು ಎಳನೀರು ಕುಡಿದೆವು. ಬೀಗದ ಕೈ ತಿರುಗಿಸುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಾರು ತಟ್ಟನೆ ಹತ್ತಿಕೊಂಡಿತು.

ಮನೆಗೆ ಬಂದಾಗ ಗಿರಾಕಿ ಆಗಲೇ ಬಂದು ತಮ್ಮನ ಜೊತೆ ಅಂಗಳದಲ್ಲಿ ನಿಂತಿದ್ದ. ಅಪ್ಪ ಜಗಲಿಯ ಮೇಲೆ ಕೂತಿದ್ದರು. ಅತ್ತಿಗೆ ಇಳಿದು ಬೀಗದ ಕೈಯನ್ನು ಗಿರಾಕಿಗೇ ಕೊಟ್ಟರು. "ನೀವೇ ಹಚ್ಚಿ ನೋಡಿ." ಅವನು ಹಚ್ಚಿದ, ಆರಿಸಿದ, ಮತ್ತೆ ಹಚ್ಚಿದ. ಬಾನೆಟ್ ಎತ್ತಿ ಕಿವಿಗೊಟ್ಟ. "ಗಾಡಿ ಬೋ ಚೆಂದಾಗೈತಲ್ಲ ಸಾ! ನಿಂತ್ಕತದೆ ಅಂದಿದ್ರಿ. ಇವತ್ತೇ ಮುಗಿಸ್ಬುಡನ" ಅಂದ. ಕಾಯಿಲೆ ವಾಸಿಯಾಗಿದ್ದೇ ತಪ್ಪಾಯಿತೇನೋ ಅನ್ನಿಸಿತು ನನಗೆ.

ಅತ್ತಿಗೆ ಜಗಲಿಯ ಹತ್ತಿರ ಹೋದರು. "ಕಾಯಿಲೆ ಓಯ್ತು ಮಾವ. ಇನ್ನು ದಾರೀಲಿ ನಿಲ್ಲಲ್ಲ."

ಅಪ್ಪ ತಲೆ ಎತ್ತಲಿಲ್ಲ. ಅಂಗಳದ ನೆಲವನ್ನೇ ನೋಡುತ್ತಿದ್ದರು. "ನಿಲ್ತದೆ ಅಂತ ಮಾರು ಅಂದಿದ್ದಲ್ಲ ಕಣವ್ವ" ಅಂದರು. ಅಪ್ಪ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. "ಅದ್ರ ಸದ್ದು ಕೇಳ್ದಾಗೆಲ್ಲ ಅವ್ನೇ ಬಂದ ಅನ್ನಿಸ್ತದೆ."

ತಮ್ಮ ಮುಖ ತಿರುಗಿಸಿಕೊಂಡ. ಎಂಜಿನ್ ಇನ್ನೂ ಓಡುತ್ತಲೇ ಇತ್ತು.

ಅತ್ತಿಗೆ ಅಪ್ಪನ ಕಾಲ ಹತ್ತಿರ, ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತುಕೊಂಡರು. "ನಂಗೂ ಅಂಗೇ ಅನ್ನಿಸ್ತದೆ ಮಾವ" ಅಂದರು. "ಅದಕ್ಕೇ ಮಾರ್ಬ್ಯಾಡಿ ಅಂದಿದ್ದು."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದರು. ಗಿರಾಕಿಯ ಹತ್ತಿರ ಹೋಗಿ, ಕಾಫಿ ಕುಡಿದುಕೊಂಡು ಹೋಗಪ್ಪ, ಕಾರು ಕೊಡುವುದಿಲ್ಲ ಅಂದರು.